ಮಾಂಸದೂಟದ ಪಂಕ್ತಿಯಲ್ಲಿ ಒಬ್ಬ ಸಸ್ಯಾಹಾರಿ ಅತಿಥಿಗೆ ಏನು ಮಾಡಬೇಕು

ಬೆಳಗಾವಿ ಸೀಮೆಯಲ್ಲಿ ಗ್ರಾಮದೇವಿಯ ಜಾತ್ರೆ, ಖಂಡೇನವಮಿ, ಹಬ್ಬದ ಮರುದಿನದ ಕರಿ ಎಂದರೆ ನಮ್ಮಂಥ ಅನೇಕ ಮನೆಗಳಲ್ಲಿ ಮಟನ್ ಅಡುಗೆಯೇ ಮುಖ್ಯವಾಗಿರುತ್ತದೆ. ಅಂಥ ದಿನವೂ ಪಂಕ್ತಿಯಲ್ಲಿ ಒಬ್ಬರಾದರೂ ಮಾಂಸ ಮುಟ್ಟದವರು ಇರುತ್ತಾರೆ: ಮಗಳ ಗೆಳತಿ, ಕಚೇರಿಯ ಸಹೋದ್ಯೋಗಿ, ಓಣಿಯ ಮಾಸ್ತರರು, ಬೇರೆ ಊರಿನಿಂದ ಬಂದ ಸೊಸೆ. ಅವರ ತಾಟಿಗೆ ಸಾಮಾನ್ಯವಾಗಿ ಬೀಳುವುದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬೇಳೆ ಸಾರು, ಒಂದು ಕಾಳಿನ ಪಲ್ಲೆ ಮತ್ತು ಮೊಸರು. ಹೊಟ್ಟೆಗೆ ಇದರಿಂದ ಕೊರತೆಯಾಗುವುದಿಲ್ಲ. ಆದರೆ ಪಕ್ಕದವರ ತಾಟಿನಲ್ಲಿ ಕೆಂಪು ರಸ್ಸಾ ಹಬೆಯಾಡುತ್ತಿರುವಾಗ ಮಂಗಳವಾರದ ಊಟವನ್ನೇ ಹಬ್ಬದ ದಿನ ಉಣ್ಣುವಂತಾಗುವುದು ಕರೆಸಿಕೊಂಡ ಅತಿಥಿಗೆ ಸಲ್ಲುವ ಮರ್ಯಾದೆಯಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಹಾಗಾದರೆ ಮುಖ್ಯ ಖಾದ್ಯ ಯಾವುದಾಗಬೇಕು? ಉಳಿದವರ ಅಡುಗೆಗೆ ಯಾವ ಮಸಾಲೆ ಹುರಿಯುತ್ತೇವೆಯೋ ಅದೇ ಮಸಾಲೆಯಿಂದ ಅತಿಥಿಯ ಖಾದ್ಯವೂ ಹುಟ್ಟಬೇಕು ಎಂಬುದು ನನ್ನ ಉತ್ತರ. ಹಬ್ಬದ ವಾಸನೆ ಇರುವುದು ಮಾಂಸದಲ್ಲಿ ಅಲ್ಲ, ಬೆಂಕಿಯ ಮೇಲೆ ಕಪ್ಪಾಗುವಂತೆ ಸುಟ್ಟ ಉಳ್ಳಾಗಡ್ಡಿಯಲ್ಲಿ, ಕೆಂಪಗೆ ಹುರಿದ ಒಣ ಕೊಬ್ಬರಿಯಲ್ಲಿ, ಎಳ್ಳು, ಗಸಗಸೆ, ಕೊತ್ತಂಬರಿ ಬೀಜ, ಲವಂಗ, ಚಕ್ಕೆ, ಕಲ್ಲುಹೂವುಗಳಲ್ಲಿ, ಬ್ಯಾಡಗಿ ಮೆಣಸಿನಕಾಯಿಯ ಬಣ್ಣದಲ್ಲಿ. ಈ ಮಸಾಲೆಯನ್ನು ಅರೆದ ಕೂಡಲೇ, ಅದಕ್ಕೆ ಮಾಂಸದ ಸೌಟು ಸೋಕುವ ಮೊದಲೇ, ಮೂರು ದೊಡ್ಡ ಚಮಚದಷ್ಟನ್ನು ಬೇರೆ ಬಟ್ಟಲಿಗೆ ತೆಗೆದಿಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಒಬ್ಬರಿಗಾಗಿ ಪ್ರತ್ಯೇಕ ಅಡುಗೆ ಎಂಬ ಭಾರವೂ ಕಡಿಮೆಯಾಗುತ್ತದೆ, ಅತಿಥಿಯ ತಾಟಿಗೂ ಮನೆಯ ಹಬ್ಬದ ರುಚಿ ತಲುಪುತ್ತದೆ.

ಈ ಮಸಾಲೆಗೆ ಅತ್ಯಂತ ಹೊಂದುವುದು ಜುಣಕದ ವಡಿಯ ರಸ್ಸಾ; ಗಡಿಭಾಗದ ಮರಾಠಿ ಮನೆಗಳಲ್ಲಿ ಇದನ್ನೇ ಪಾಟವಡಿ ರಸ್ಸಾ ಎನ್ನುತ್ತಾರೆ. ಒಬ್ಬರಿಗೆ ಅರ್ಧ ಬಟ್ಟಲು ಕಡಲೆಹಿಟ್ಟು, ಮುಕ್ಕಾಲು ಬಟ್ಟಲು ನೀರು ಸಾಕು. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ ಸಿಡಿಸಿ, ಜಜ್ಜಿದ ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಅರಿಸಿನ ಹಾಕಿ, ನೀರು, ಉಪ್ಪು ಸೇರಿಸಿ ಕುದಿ ಬಂದ ಮೇಲೆ ಹಿಟ್ಟನ್ನು ಉದುರಿಸುತ್ತ ಗಂಟಾಗದಂತೆ ತಿರುವಬೇಕು. ಹಿಟ್ಟು ಮುದ್ದೆಯಾಗಿ ಪಾತ್ರೆಯ ಬದಿ ಬಿಟ್ಟ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ ಐದು ನಿಮಿಷ ಉಮ್ಮಲು ಬಿಡಬೇಕು. ಈ ಐದು ನಿಮಿಷ ಉಳಿಸಲು ಹೋದರೆ ಹಸಿಹಿಟ್ಟಿನ ವಾಸನೆ ಕೊನೆಯವರೆಗೂ ಬಿಡುವುದಿಲ್ಲ. ಬಳಿಕ ಎಣ್ಣೆ ಸವರಿದ ತಾಟಿನಲ್ಲಿ ಅರ್ಧ ಇಂಚು ದಪ್ಪಕ್ಕೆ ತಟ್ಟಿ, ಮೇಲೆ ಕೊಬ್ಬರಿ ತುರಿ, ಕೊತ್ತಂಬರಿ, ಚಿಟಿಕೆ ಗಸಗಸೆ ಒತ್ತಿ, ಆರಿದ ಮೇಲೆ ಶಂಕರಪೋಳೆಯ ಆಕಾರದಲ್ಲಿ ಕತ್ತರಿಸಬೇಕು. ತೆಗೆದಿಟ್ಟ ಮಸಾಲೆಯನ್ನು ಎಣ್ಣೆಯಲ್ಲಿ ಬಾಡಿಸುವಾಗ ಅದರಿಂದ ಎಣ್ಣೆ ಬೇರ್ಪಟ್ಟು ಅಂಚಿಗೆ ಬರುವವರೆಗೆ ಕಾಯಬೇಕು. ಆಮೇಲೆ ಬಿಸಿನೀರು ಹಾಕಿದರೆ ಮಾತ್ರ ರಸ್ಸಾದ ಮೇಲೆ ಕೆಂಪು ಕಟ್ಟು ತೇಲುತ್ತದೆ. ತಣ್ಣೀರು ಹಾಕಿದರೆ ಆ ಕಟ್ಟು ಸರಿಯಾಗಿ ಏಳುವುದಿಲ್ಲ.

ವಡಿಯನ್ನು ರಸ್ಸಾದಲ್ಲಿ ಮುಂಚೆಯೇ ಹಾಕಿ ಇಡಬಾರದು. ಕಡಲೆಹಿಟ್ಟು ರಸವನ್ನೆಲ್ಲ ಹೀರಿಕೊಂಡು ವಡಿ ಒಡೆಯುತ್ತದೆ, ರಸ್ಸಾ ಗಟ್ಟಿಯಾಗಿ ಜುಣಕವೇ ಆಗಿಬಿಡುತ್ತದೆ. ಅತಿಥಿ ತಾಟಿನ ಮುಂದೆ ಕುಳಿತ ಮೇಲೆ ವಡಿಗಳನ್ನು ಬಟ್ಟಲಿನಲ್ಲಿ ಜೋಡಿಸಿ ಕುದಿಯುವ ರಸ್ಸಾ ಸುರಿಯಬೇಕು. ಒಂದೆರಡು ವಡಿಗಳನ್ನು ಒಣಗಿದಂತೆಯೇ ತಾಟಿನ ಬದಿಗೆ ಬಡಿಸಿದರೆ ರೊಟ್ಟಿಯ ಜೊತೆ ಅವೂ ಚೆನ್ನಾಗಿ ಹೋಗುತ್ತವೆ.

ಎರಡನೆಯದು ಎಣ್ಣೆಗಾಯಿ. ಉತ್ತರ ಕರ್ನಾಟಕದ ಸಸ್ಯಾಹಾರದ ಊಟದಲ್ಲಿ ಇದಕ್ಕಿಂತ ಗತ್ತಿನ ಪಲ್ಲೆ ಇನ್ನೊಂದಿಲ್ಲ. ಮಾಂಸದ ಪಕ್ಕದಲ್ಲಿ ಇಟ್ಟರೂ ಇದು ತನ್ನ ಸ್ಥಾನ ಬಿಟ್ಟುಕೊಡುವುದಿಲ್ಲ. ಬದನೆಕಾಯಿಯ ತಿರುಳು ಮೊದಲು ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಪೂರ್ತಿ ಬೆಂದು ಕುಗ್ಗಿದ ಮೇಲೆ ಹೀರಿದ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಆದ್ದರಿಂದ ನಡುವೆ ಎಣ್ಣೆ ಸಾಲದೆನಿಸಿ ಮತ್ತೆ ಮತ್ತೆ ಹಾಕದೆ, ಸಣ್ಣ ಉರಿಯಲ್ಲಿ ಮುಚ್ಚಿ ಬೇಯಿಸುವ ತಾಳ್ಮೆ ಬೇಕು. ಒಬ್ಬರಿಗೆ ಎಳೆಯ, ಗುಂಡನೆಯ, ಮುಳ್ಳು ತೊಟ್ಟಿನ ನಾಲ್ಕು ಕಾಯಿ ಬೇಕಾಗುತ್ತವೆ. ತೊಟ್ಟು ಉಳಿಸಿಕೊಂಡು ನಾಲ್ಕು ಸೀಳು ಮಾಡಿ ಉಪ್ಪುನೀರಿನಲ್ಲಿ ಹಾಕಿದರೆ ಕಪ್ಪಾಗುವುದಿಲ್ಲ. ತುಂಬಲು ಹುರಿದ ಶೇಂಗಾದ ಪುಡಿ ಎರಡು ದೊಡ್ಡ ಚಮಚ, ಕೊಬ್ಬರಿ ಒಂದು ಚಮಚ, ಎಳ್ಳು ಮತ್ತು ಗುರೆಳ್ಳು ಒಂದೊಂದು ಸಣ್ಣ ಚಮಚ, ಹುಣಸೆ ರಸ, ಬೆಲ್ಲ, ಉಪ್ಪು, ಮತ್ತು ಅದೇ ತೆಗೆದಿಟ್ಟ ಮಸಾಲೆ. ಗುರೆಳ್ಳನ್ನು ಬಿಡಬೇಡಿರಿ, ಅದರ ಕಹಿಮಿಶ್ರಿತ ಕಂಪು ಶೇಂಗಾದ ಸಿಹಿಯನ್ನು ಹಿಡಿತದಲ್ಲಿಡುತ್ತದೆ. ಮುಂಜಾನೆಯೇ ಮಾಡಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಹುಳಿ, ಖಾರ ಒಳಗಿಳಿದು ಇನ್ನೂ ರುಚಿಯಾಗುವುದರಿಂದ, ಒಲೆಗಳೆಲ್ಲ ಮಾಂಸದಡುಗೆಗೆ ಬೇಕಾಗುವ ದಿನ ಇದು ಬಹಳ ಅನುಕೂಲ.

ಆದರೆ ಎಣ್ಣೆಗಾಯಿ ಎಲ್ಲರಿಗೂ, ಎಲ್ಲ ಕಾಲಕ್ಕೂ ನಡೆಯುವುದಿಲ್ಲ ಎಂಬುದನ್ನು ನೆನಪಿಡಬೇಕು. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯವರೆಗಿನ ಚಾತುರ್ಮಾಸದಲ್ಲಿ ಕೆಲವು ಮನೆತನದವರು ಬದನೆ, ಉಳ್ಳಾಗಡ್ಡಿ, ಬಳ್ಳೊಳ್ಳಿ ತಿನ್ನುವುದಿಲ್ಲ, ದಸರೆ ದೀಪಾವಳಿಗಳೆರಡೂ ಈ ಅವಧಿಯೊಳಗೇ ಬರುತ್ತವೆ. ಖಂಡೋಬನ ಭಕ್ತರ ಮನೆಗಳಲ್ಲಿ ಮಾರ್ಗಶಿರದ ಚಂಪಾಷಷ್ಠಿಯಂದು ದೇವರಿಗೆ ಬದನೆಕಾಯಿಯ ಭರತ, ರೊಟ್ಟಿ ಎಡೆ ಮಾಡಿದ ಮೇಲೆಯೇ ಬದನೆ ಬಾಯಿಗೆ ಬರುವ ರೂಢಿಯೂ ಇದೆ. ಜೈನ ಅತಿಥಿಯಾದರೆ ಉಳ್ಳಾಗಡ್ಡಿ, ಬಳ್ಳೊಳ್ಳಿಯ ಜೊತೆಗೆ ಬಟಾಟೆ, ಗಜ್ಜರಿಯಂಥ ನೆಲದೊಳಗಿನ ಗಡ್ಡೆಗಳೂ ನಡೆಯುವುದಿಲ್ಲ, ವ್ರತಸ್ಥರು ಸೂರ್ಯಾಸ್ತದ ನಂತರ ಊಟವನ್ನೇ ಮಾಡುವುದಿಲ್ಲ. ಕೋಟೆಯೊಳಗೆ 1204ರ ಕಮಲ ಬಸದಿಯನ್ನು ಇಟ್ಟುಕೊಂಡಿರುವ ಬೆಳಗಾವಿಯಲ್ಲಿ ಜೈನರ ಊಟದ ನಿಯಮ ನಮಗೆ ಹೊಸದಾಗಬಾರದು. ಕರೆಯುವಾಗಲೇ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ಕೇಳಿಬಿಡುವುದು ಒಳ್ಳೆಯದು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಬದಲಿಗೆ ನಿರಾಳವಾಗುತ್ತಾರೆ.

ಅಂಥವರಿಗೆ ನಾನು ಆರಿಸುವುದು ಬಾಳೆಕಾಯಿಯ ಕೋಫ್ತಾ. ಒಂದು ದೊಡ್ಡ ಬಾಳೆಕಾಯಿಯನ್ನು ಬೇಯಿಸಿ, ಹಿಸುಕಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು, ಒಂದೆರಡು ಚಮಚ ಕಡಲೆಹಿಟ್ಟು ಕೂಡಿಸಿದರೆ ನಾಲ್ಕೈದು ಉಂಡೆಗಳಾಗುತ್ತವೆ. ಪ್ರತಿಯೊಂದರ ಹೊಟ್ಟೆಯಲ್ಲಿ ವಿಜಯಪುರದ ಒಣದ್ರಾಕ್ಷಿ ಒಂದೆರಡು ಇಟ್ಟರೆ ಖಾರದ ನಡುವೆ ಸಿಹಿ ಸಿಗುತ್ತದೆ. ಟೊಮ್ಯಾಟೊ, ಶೇಂಗಾ, ಎಳ್ಳು, ಕೊಬ್ಬರಿ ಹುರಿದು ಅರೆದ ರಸಕ್ಕೆ ಉಳ್ಳಾಗಡ್ಡಿಯ ಕೊರತೆ ಕಾಣುವುದಿಲ್ಲ, ಏಕೆಂದರೆ ಎಳ್ಳು, ಶೇಂಗಾಗಳೇ ರಸಕ್ಕೆ ಮಂದತನ ಕೊಡುತ್ತವೆ. ಕರಿಯಲು ಮಾತ್ರ ಹೊಸ ಎಣ್ಣೆಯೇ ಬೇಕು. ಕಡಲೆಹಿಟ್ಟು ಹುರಿದು ತುಂಬಿದ ಡೊಣಮೆಣಸಿನಕಾಯಿಯೂ ಆಗುತ್ತದೆ, ಎರಡು ಕಾಯಿ ಸಾಕು.

ಮನೆಯಲ್ಲಿ ಎಲ್ಲರಿಗೂ ಬಿರಿಯಾನಿ ಆಗುತ್ತಿದ್ದರೆ ಅತಿಥಿಗೂ ಬಿರಿಯಾನಿ ಬೇಕೆನಿಸುವುದು ಸಹಜ. ಒಬ್ಬರ ಅಳತೆಯ ದಮ್ ಕಷ್ಟದ ಕೆಲಸ. ಸಣ್ಣ ಪಾತ್ರೆ ಬೇಗ ಕಾದು ತಳ ಹಿಡಿಯುತ್ತದೆ. ದಪ್ಪ ತಳದ ಪಾತ್ರೆಯನ್ನು ಕಬ್ಬಿಣದ ಹಂಚಿನ ಮೇಲಿಟ್ಟು, ಮುಚ್ಚಳದ ಅಂಚಿಗೆ ಗೋಧಿಹಿಟ್ಟಿನ ಕಣಕ ಹಚ್ಚಿದರೆ ಅರ್ಧ ಬಟ್ಟಲು ಅಕ್ಕಿಯೂ ಬಿಡಿಬಿಡಿಯಾಗಿ ಬರುತ್ತದೆ. ಬೇಸಿಗೆಯ ಆರಂಭದಲ್ಲಿ ಖಾನಾಪುರದ ಕಡೆಯ ಎಳೆ ಹಲಸಿನಕಾಯಿ ಸಿಕ್ಕರೆ ಅದೇ ಉತ್ತಮ. ಆದರೆ ಬೆಂದ ಹಲಸಿನಕಾಯಿಯ ಎಳೆಗಳು ಮಾಂಸದಂತೆಯೇ ಕಾಣುವುದರಿಂದ ಕೆಲವರಿಗೆ ತಾಟು ನೋಡಿದ ಕೂಡಲೇ ಅನುಮಾನ ಬರುತ್ತದೆ, ಊಟವೇ ಇಳಿಯುವುದಿಲ್ಲ. ಅಣಬೆಗೂ ಈ ಮಾತು ಅನ್ವಯಿಸುತ್ತದೆ. ಮಾಂಸ ತಿನ್ನದ ಎಷ್ಟೋ ಹಿರಿಯರು ಅಣಬೆಯನ್ನೂ ತಿನ್ನುವುದಿಲ್ಲ. ಪನೀರಿನ ಬಗ್ಗೆ ನನಗೆ ವಿರೋಧವಿಲ್ಲ, ಆದರೆ ಹೋಟೆಲಿನಲ್ಲಿ ಯಾವ ದಿನವಾದರೂ ಸಿಗುವುದನ್ನು ನಮ್ಮ ಜಾತ್ರೆಯ ದಿನ ಬಡಿಸಲು ಮನಸ್ಸು ಬರುವುದಿಲ್ಲ.

ಒಬ್ಬರಿಗಾಗಿ ಮಾಡಬಾರದ್ದು ಹೋಳಿಗೆ ಮತ್ತು ಕಟ್ಟಿನ ಸಾರು. ಬೇಳೆ ಬೇಯಿಸಿ ಬಸಿದು ಹೂರಣ ರುಬ್ಬುವ ಆ ಕೆಲಸ ನಾಲ್ಕು ಹೋಳಿಗೆಗೆ ಒಗ್ಗುವುದಲ್ಲ, ಮಾಡಿದರೆ ಎಲ್ಲರಿಗೂ ಮಾಡಬೇಕು.

ಇನ್ನು ಶುದ್ಧತೆಯ ವಿಷಯ. ಸಾರಿನಿಂದ ತುಂಡು ಆರಿಸಿ ತೆಗೆದು "ಬರೀ ರಸ ಇದೆ, ಉಣ್ಣಿರಿ" ಎನ್ನುವುದು ಯಾವ ಕಾರಣಕ್ಕೂ ಸಲ್ಲದು. ಕೊಬ್ಬು, ಎಲುಬಿನ ರಸ ಎಲ್ಲವೂ ಅದರಲ್ಲೇ ಇರುತ್ತದೆ. ಅತಿಥಿಯ ಖಾದ್ಯವನ್ನು ಎಲ್ಲಕ್ಕಿಂತ ಮೊದಲು, ಒಲೆ ಇನ್ನೂ ಖಾಲಿ ಇರುವಾಗಲೇ ಮುಗಿಸಬೇಕು, ಅದರ ಸೌಟು ಅದರ ಪಾತ್ರೆಯಲ್ಲೇ ಉಳಿಯಬೇಕು. ಮಿಕ್ಸರಿನ ಜಾರಿನಲ್ಲಿ ಮಸಾಲೆಯನ್ನು ಕೈಮಾಗಿಂತ ಮೊದಲೇ ರುಬ್ಬಿಕೊಳ್ಳಬೇಕು. ರೊಟ್ಟಿಯ ಹಂಚಿನಲ್ಲಿ ಸುಕ್ಕಾ ಬಿಸಿ ಮಾಡುವ ಅಭ್ಯಾಸವಿದ್ದರೆ ಆ ದಿನ ಅದನ್ನು ಬಿಟ್ಟುಬಿಡಬೇಕು.

ಬಡಿಸುವಾಗ ಅತಿಥಿಯನ್ನು ಬೇರೆ ಕೋಣೆಯಲ್ಲಿ ಕೂರಿಸುವ ಮುನ್ನ ಅವರನ್ನೇ ಕೇಳಿರಿ. ಕೆಲವರಿಗೆ ಎಲ್ಲರ ಜೊತೆ ಕೂರುವುದೇ ಇಷ್ಟ, ಕೆಲವರಿಗೆ ವಾಸನೆ ತಡೆಯುವುದಿಲ್ಲ. ಮೊದಲ ಬಡಿಕೆ ಅವರಿಗೇ ಆಗಲಿ. ಎಣ್ಣೆಗಾಯಿಯ ಪಾತ್ರೆ ಪಂಕ್ತಿಗೆ ಬಂದರೆ ಮಟನ್ ಉಣ್ಣುವವರೂ "ನನಗೊಂದು" ಎಂದು ಕೈಚಾಚುವುದು ಖಂಡಿತ, ಎರಡನೆಯ ಸುತ್ತಿಗೆ ಅತಿಥಿಗೆ ಏನೂ ಉಳಿಯುವುದಿಲ್ಲ. ಆದ್ದರಿಂದ ಹತ್ತು ಜನರ ಪಂಕ್ತಿಯಾದರೆ ಎಲ್ಲರಿಗೂ ಒಂದೊಂದು ಕಾಯಿ ಸಿಗುವಷ್ಟು ಹೆಚ್ಚು ಮಾಡಿ, ಅತಿಥಿಯ ನಾಲ್ಕು ಕಾಯಿಗಳನ್ನು ಮೊದಲೇ ಮುಚ್ಚಳವಿರುವ ಡಬ್ಬಿಯಲ್ಲಿ ತೆಗೆದಿಡಿರಿ.