ಹಸಿರು ಚುಕ್ಕೆ ಸುಳ್ಳು ಹೇಳದಂತೆ ನೋಡಿಕೊಳ್ಳುವುದು

ಚಾಟ್ ಆ್ಯಪ್‌ನಲ್ಲಿ ಹೆಸರಿನ ಪಕ್ಕ ಹಸಿರು ಚುಕ್ಕೆ ತೋರಿಸಬೇಕು ಅಂದರೆ ಹೊಸಬರು ಸಾಮಾನ್ಯವಾಗಿ ಅರ್ಧ ದಿನದ ಕೆಲಸ ಅಂತ ಅಂದಾಜು ಕೊಡುತ್ತಾರೆ. ಯೂಸರ್ ಟೇಬಲ್‌ಗೆ ಒಂದು ಕಾಲಂ ಸೇರಿಸು, ಲಾಗಿನ್ ಆದಾಗ 1, ಲಾಗೌಟ್ ಆದಾಗ 0. ಡೆಮೊದಲ್ಲಿ ಇದು ಚೆನ್ನಾಗೇ ನಡೆಯುತ್ತದೆ. ನಿಜವಾದ ಬಳಕೆಗೆ ಬಂದ ಮೇಲೆ ಯಾರೂ ಲಾಗೌಟ್ ಮಾಡುವುದೇ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗುತ್ತಾರೆ, ಮೆಟ್ರೊ ಸುರಂಗದಲ್ಲಿ ಸಿಗ್ನಲ್ ಹೋಗುತ್ತದೆ, ಕರೆಂಟ್ ಹೋಗಿ ರೌಟರ್ ಆರುತ್ತದೆ. ಸರ್ವರ್‌ಗೆ ಹೇಳಿ ಹೋಗುವವರು ಯಾರೂ ಇಲ್ಲ, ಒಮ್ಮೆ ಬರೆದ 1 ವಾರಗಟ್ಟಲೆ ಹಾಗೇ ಕೂತಿರುತ್ತದೆ.

ಕನೆಕ್ಷನ್ ಕಡಿದರೆ ಸರ್ವರ್‌ಗೆ ತಾನಾಗಿ ತಿಳಿಯುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ತಿಳಿಯುವುದಿಲ್ಲ. ಫೋನಿನ ನೆಟ್‌ವರ್ಕ್ ಏಕಾಏಕಿ ಹೋದರೆ ಕನೆಕ್ಷನ್ ಮುಚ್ಚುವ ಪ್ಯಾಕೆಟ್ ಬರುವುದೇ ಇಲ್ಲ. ಟಿಸಿಪಿ ಕೀಪ್‌ಅಲೈವ್ (ಸುಮ್ಮನಿರುವ ಕನೆಕ್ಷನ್ ಇನ್ನೂ ಇದೆಯೇ ಅಂತ ಆಪರೇಟಿಂಗ್ ಸಿಸ್ಟಮ್ ಮಾಡುವ ತಪಾಸಣೆ) ಆನ್ ಮಾಡಿದ್ದರೂ ಲಿನಕ್ಸ್ ಡೀಫಾಲ್ಟ್‌ನಲ್ಲಿ ಮೊದಲ ತಪಾಸಣೆ ನಡೆಯುವುದು 7,200 ಸೆಕೆಂಡ್ ಕಳೆದ ಮೇಲೆ. ಅಂದರೆ ಎರಡು ತಾಸು ಆ ಮನುಷ್ಯ ಆನ್‌ಲೈನ್!

ಹಾಗಾಗಿ 'ಇದ್ದಾರೆ' ಅನ್ನುವ ದಾಖಲೆಗೆ ಹುಟ್ಟುವಾಗಲೇ ಅವಧಿ ಬರೆದಿರಬೇಕು. ನಾವು ಇಟ್ಟುಕೊಳ್ಳುವ ಲೆಕ್ಕ ಹೀಗೆ: 25 ಸೆಕೆಂಡಿಗೊಂದು ಹಾರ್ಟ್‌ಬೀಟ್ (ಕನೆಕ್ಷನ್ ಇನ್ನೂ ಇದೆ ಅಂತ ತಿಳಿಸುವ ಪುಟ್ಟ ಸಂಕೇತ), ಪ್ರತಿ ಬೀಟ್‌ನಿಂದ 75 ಸೆಕೆಂಡ್ ಅವಧಿ. ಒಂದು ಬೀಟ್ ತಪ್ಪಿದರೂ ಮುಂದಿನದಕ್ಕೆ ಅವಕಾಶವಿದೆ. ಅವಧಿ ದಾಟಿದ ದಾಖಲೆ ಲೆಕ್ಕಕ್ಕೇ ಇಲ್ಲ, ಯಾರೂ ಬಂದು 0 ಬರೆಯಬೇಕಿಲ್ಲ. ಇದನ್ನು ಡೇಟಾಬೇಸ್ ಟೇಬಲ್‌ನಲ್ಲಿ ಇಡಬೇಡಿ, ರೆಡಿಸ್‌ನಂಥ ಮೆಮೊರಿ ಸ್ಟೋರ್ ಸಾಕು.

ದಾಖಲೆ ಒಬ್ಬ ವ್ಯಕ್ತಿಗೆ ಒಂದಲ್ಲ, ಒಂದೊಂದು ಕನೆಕ್ಷನ್‌ಗೆ ಒಂದೊಂದು. ಎರಡು ಟ್ಯಾಬ್ ತೆರೆದವರು ಒಂದನ್ನು ಮುಚ್ಚಿದ ಕೂಡಲೇ ಆಫ್‌ಲೈನ್ ಆಗಿಬಿಡುವುದು ಎಲ್ಲ ಟೀಮ್‌ಗಳಲ್ಲೂ ಬರುವ ಬಗ್. ಇದಕ್ಕೆ ಕೌಂಟರ್ ಹಾಕಿ ಕೂಡುವುದು, ಕಳೆಯುವುದು ಮಾಡುವವರಿದ್ದಾರೆ. ಸರ್ವರ್ ಕ್ರ್ಯಾಶ್ ಆದರೆ ಕಳೆಯುವ ಹೆಜ್ಜೆ ನಡೆಯುವುದೇ ಇಲ್ಲ, ಕೌಂಟರ್ ಮತ್ತೆಂದೂ ಸೊನ್ನೆಗೆ ಬರುವುದಿಲ್ಲ. ಪ್ರತಿ ಬಳಕೆದಾರರಿಗೆ ರೆಡಿಸ್‌ನಲ್ಲಿ ಒಂದು ಸಾರ್ಟೆಡ್ ಸೆಟ್ (ಪ್ರತಿ ಸದಸ್ಯನಿಗೂ ಒಂದು ಸಂಖ್ಯೆ ಅಂಟಿಸಿ, ಆ ಕ್ರಮದಲ್ಲಿ ಇಡುವ ಪಟ್ಟಿ) ಇಟ್ಟು, ಕನೆಕ್ಷನ್ ಐಡಿಯನ್ನು ಸದಸ್ಯನಾಗಿ, ಅವಧಿ ಮುಗಿಯುವ ಹೊತ್ತನ್ನು ಸ್ಕೋರ್ ಆಗಿ ಬರೆಯಿರಿ. ಓದುವಾಗ ಹೊತ್ತು ಮೀರಿದವನ್ನು ಕಿತ್ತು ಹಾಕಿ. ಒಂದಾದರೂ ಉಳಿದಿದ್ದರೆ ಆ ವ್ಯಕ್ತಿ ಕನೆಕ್ಟ್ ಆಗಿದ್ದಾರೆ.

ಹಾರ್ಟ್‌ಬೀಟ್ ಯಾರು ಕಳಿಸಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುವುದು. ಬ್ರೌಸರ್‌ನಲ್ಲಿ ಜಾವಾಸ್ಕ್ರಿಪ್ಟ್ ಟೈಮರ್ ಹಾಕಿದರೆ ಟ್ಯಾಬ್ ಎದುರಿಗಿರುವ ತನಕ ಸರಿ. ಕ್ರೋಮ್ 88ರಿಂದ (2021) ಈಚೆಗೆ, ಐದು ನಿಮಿಷಕ್ಕಿಂತ ಹೆಚ್ಚು ಮರೆಯಲ್ಲಿರುವ ಟ್ಯಾಬ್‌ನ ಟೈಮರ್‌ಗಳು ನಿಮಿಷಕ್ಕೊಮ್ಮೆ ಮಾತ್ರ ಓಡಬಹುದು. ನಿಮ್ಮ ಅವಧಿ 60 ಸೆಕೆಂಡ್ ಆಗಿದ್ದರೆ ಚುಕ್ಕೆ ಹಸಿರು, ಬೂದು, ಹಸಿರು, ಬೂದು ಅಂತ ಮಿಟುಕುತ್ತದೆ. ಡೆವಲಪರ್ ಬಂದು ಆ ಟ್ಯಾಬ್ ಅನ್ನು ಎದುರಿಗೆ ತಂದು ನೋಡಿದ ಕೂಡಲೇ ಸರಿಯಾಗುತ್ತದೆ, ಆದ್ದರಿಂದ ಯಾರ ಕೈಗೂ ಸಿಗುವುದಿಲ್ಲ. ಪಿಂಗ್ ('ಇದ್ದೀರಾ' ಅನ್ನುವ ಪ್ರಶ್ನೆ) ಅನ್ನು ಸರ್ವರ್ ಕಡೆಯಿಂದ ಕಳಿಸಿ, ಬಂದ ಉತ್ತರವನ್ನೇ ಹಾರ್ಟ್‌ಬೀಟ್ ಅಂತ ಎಣಿಸಿದರೆ ಈ ಕಾಟವಿಲ್ಲ. ಬ್ರೌಸರ್ ಮತ್ತು ಸರ್ವರ್ ನಡುವೆ ಕನೆಕ್ಷನ್ ತೆರೆದಿಡುವ ವೆಬ್‌ಸಾಕೆಟ್ ಪ್ರೊಟೊಕಾಲ್‌ನಲ್ಲೇ ಪಿಂಗ್, ಪಾಂಗ್ ಫ್ರೇಮ್‌ಗಳಿವೆ. ಪಾಂಗ್ ಉತ್ತರವನ್ನು ಬ್ರೌಸರ್ ತಾನೇ ಕೊಡುತ್ತದೆ, ಅದಕ್ಕೆ ಟೈಮರ್ ಬೇಕಿಲ್ಲ.

ಆದರೆ ಪಾಂಗ್ ಬಂತು ಅಂದರೆ ಟ್ಯಾಬ್ ತೆರೆದಿದೆ ಅಂತ ಅರ್ಥ, ಅಷ್ಟೇ. ಬಾಗಿಲಲ್ಲಿ ಚಪ್ಪಲಿ ಇದೆ ಅಂದಮಾತ್ರಕ್ಕೆ ಮನೆಯವರು ಎಚ್ಚರವಾಗಿದ್ದಾರೆ ಅಂತಲ್ಲವಲ್ಲ. ಕನೆಕ್ಷನ್ ಇದೆಯೇ, ಮನುಷ್ಯ ಎದುರಿಗಿದ್ದಾರೆಯೇ, ಈಗ ಮಾತಾಡಿಸಬಹುದೇ, ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದನ್ನು ಸರ್ವರ್ ಹೇಳಬಲ್ಲದು, ಎರಡನೆಯದನ್ನು ಸಾಧನ ಊಹಿಸಬಲ್ಲದು, ಮೂರನೆಯದನ್ನು ಆ ವ್ಯಕ್ತಿಯೇ ಹೇಳಬೇಕು. ಮೂರನ್ನೂ ಒಂದೇ ಚುಕ್ಕೆಗೆ ತುರುಕಿದ ಕಡೆಯೆಲ್ಲ 'ಆನ್‌ಲೈನ್ ಇದ್ದರೂ ಉತ್ತರ ಕೊಡಲಿಲ್ಲ' ಅನ್ನುವ ದೂರು ಬರುತ್ತದೆ. ಇದೇನು ಇವತ್ತಿನ ಸಮಸ್ಯೆಯಲ್ಲ. 1971ರಲ್ಲಿ ಸ್ಟ್ಯಾನ್‌ಫರ್ಡ್‌ನ ಎಐ ಲ್ಯಾಬ್‌ನಲ್ಲಿ ಲೆಸ್ ಅರ್ನೆಸ್ಟ್ ಬರೆದ ಫಿಂಗರ್ ಪ್ರೋಗ್ರಾಂ ಯಾರು ಲಾಗಿನ್ ಆಗಿದ್ದಾರೆ ಅನ್ನುವುದರ ಜೊತೆಗೆ ಅವರ ಟರ್ಮಿನಲ್ ಎಷ್ಟು ಹೊತ್ತಿನಿಂದ ಸುಮ್ಮನಿದೆ ಅನ್ನುವುದನ್ನೂ ತೋರಿಸುತ್ತಿತ್ತು.

ಎರಡನೇ ಪ್ರಶ್ನೆಗೆ ಮೌಸ್, ಕೀಬೋರ್ಡ್, ಟಚ್, ಸ್ಕ್ರೋಲ್ ಇವುಗಳಲ್ಲಿ ಕೊನೆಯದು ನಡೆದ ಹೊತ್ತು ಸಾಕು. ಐದು ನಿಮಿಷ ಏನೂ ಇಲ್ಲದಿದ್ದರೆ 'ಎದ್ದು ಹೋಗಿದ್ದಾರೆ'. ಪ್ರತಿ ಚಲನೆಯನ್ನೂ ಸರ್ವರ್‌ಗೆ ಕಳಿಸಬೇಡಿ, ಸ್ಥಿತಿ ಬದಲಾದಾಗ ಮಾತ್ರ ಒಂದು ಸಂದೇಶ ಕಳಿಸಿ. ಹಲವು ಸಾಧನಗಳಿದ್ದರೆ ಯಾವುದರಲ್ಲಿ ಚಟುವಟಿಕೆ ಇದೆಯೋ ಅದರ ಮಾತೇ ಅಂತಿಮ. ಫೋನಿನಲ್ಲಿ ಒಂದು ಬಲೆ ಇದೆ: ಪುಶ್ ನೋಟಿಫಿಕೇಶನ್ ಬಂದಾಗ ಆ್ಯಪ್ ಹಿನ್ನೆಲೆಯಲ್ಲಿ ಎದ್ದು ಸಾಕೆಟ್ ತೆರೆಯುತ್ತದೆ, ಬೆಳಗಿನ ಜಾವ ಮೂರಕ್ಕೆ ನಿದ್ದೆಯಲ್ಲಿರುವವರು ಆನ್‌ಲೈನ್ ಕಾಣುತ್ತಾರೆ. ಆ್ಯಪ್ ಪರದೆಯ ಮೇಲಿದ್ದಾಗ ಮಾತ್ರ ಇರುವಿಕೆ ಸಾರಬೇಕು. ಈ ಒಂದು ತಪ್ಪಿನಿಂದ ಮನೆಗಳಲ್ಲಿ ಜಗಳಗಳಾಗುತ್ತವೆ, ತಮಾಷೆಯಲ್ಲ.

ಬಂದದ್ದನ್ನು ಕೂಡಲೇ ತೋರಿಸಿ, ಹೋದದ್ದನ್ನು 20–30 ಸೆಕೆಂಡ್ ತಡೆದು ತೋರಿಸಿ. ಲಿಫ್ಟ್‌ನಲ್ಲಿ ಸಿಗ್ನಲ್ ಹೋಗಿ ಬಂದದ್ದು ಯಾರಿಗೂ ತಿಳಿಯಬೇಕಿಲ್ಲ.

ಇನ್ನು ಸುದ್ದಿ ಹಂಚುವ ಖರ್ಚು. 200 ಜನರ ಗುಂಪಿನಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಬಂದರೆ, ಪ್ರತಿಯೊಬ್ಬರ ಸುದ್ದಿ ಉಳಿದ 199 ಜನಕ್ಕೆ ಹೋಗಿ 39,800 ಸಂದೇಶಗಳಾಗುತ್ತವೆ, ಬರೀ ಚುಕ್ಕೆಗಾಗಿ. ಪರದೆಯ ಮೇಲೆ ಹೆಸರು ಕಾಣುತ್ತಿರುವವರ ಸ್ಥಿತಿಯನ್ನಷ್ಟೇ ಕೇಳಿ, ಬದಲಾವಣೆಗಳನ್ನು ಎರಡು ಮೂರು ಸೆಕೆಂಡ್ ಕೂಡಿಸಿ ಒಟ್ಟಿಗೆ ಕಳಿಸಿ. ಕರೆಂಟ್ ಹೋಗಿ ಬಂದಾಗ ಇಡೀ ಆಫೀಸು ಒಂದೇ ಕ್ಷಣಕ್ಕೆ ಮರುಕನೆಕ್ಟ್ ಆಗುತ್ತದೆ, ಆದ್ದರಿಂದ ಪ್ರತಿ ಕ್ಲೈಂಟ್ 0ರಿಂದ 10 ಸೆಕೆಂಡಿನೊಳಗೆ ಯಾವುದಾದರೊಂದು ಹೊತ್ತು ಕಾಯ್ದು ಬರಲಿ.

'ಟೈಪ್ ಮಾಡುತ್ತಿದ್ದಾರೆ' ಇದಕ್ಕಿಂತ ಸುಲಭ, ಆದರೆ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಕೈ ಕೊಡುತ್ತದೆ. ಮೂರು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಸಂಕೇತ ಕಳಿಸಬೇಡಿ. ನೋಡುವವರ ಕಡೆ ಆರು ಸೆಕೆಂಡ್ ಹೊಸ ಸಂಕೇತ ಬರದಿದ್ದರೆ ಅಳಿಸಿ, ಸಂದೇಶ ಬಂದರೆ ತಕ್ಷಣ ಅಳಿಸಿ. ಈಗ ಕನ್ನಡದ ತೊಂದರೆ. ಎಷ್ಟೋ ಕೋಡ್‌ಗಳು ಕೀಡೌನ್ ಈವೆಂಟ್ (ಕೀ ಒತ್ತಿದಾಗ ಬ್ರೌಸರ್ ಕೊಡುವ ಸೂಚನೆ) ಹಿಡಿದು, ಒತ್ತಿದ್ದು ಅಕ್ಷರದ ಕೀ ಹೌದೇ ಅಂತ ಕೋಡ್ ಸಂಖ್ಯೆ ನೋಡುತ್ತವೆ. ಆಂಡ್ರಾಯ್ಡ್‌ನ ಪರದೆ ಕೀಬೋರ್ಡ್‌ಗಳಲ್ಲಿ ಆ ಸಂಖ್ಯೆ ಸಾಮಾನ್ಯವಾಗಿ 229 ಅಂತಲೇ ಬರುತ್ತದೆ, ಯಾವ ಕೀ ಒತ್ತಿದರೂ ಅಷ್ಟೆ. ಆದ್ದರಿಂದ 'namaskara' ಎಂಬಂತೆ ಇಂಗ್ಲಿಷ್ ಕೀಗಳಲ್ಲಿ ಒತ್ತಿ ಕನ್ನಡ ಮೂಡಿಸುವವರು ಪುಟಗಟ್ಟಲೆ ಬರೆದರೂ ಎದುರಿನವರಿಗೆ ಏನೂ ಕಾಣುವುದಿಲ್ಲ. ಕೀಡೌನ್ ಬಿಟ್ಟು ಇನ್‌ಪುಟ್ ಈವೆಂಟ್ ಹಿಡಿಯಿರಿ. ಬರೆಯುವವರು ಪೆಟ್ಟಿಗೆಯಲ್ಲಿರುವ ಪಠ್ಯ ಬದಲಿಸಿದರೆ ಅದು ಬರುತ್ತದೆ. ಪೆಟ್ಟಿಗೆ ಖಾಲಿಯಾದರೆ 'ನಿಲ್ಲಿಸಿದರು' ಅಂತ ಕಳಿಸಿ.

ಹೆಸರಿನ ಮೊದಲ ಅಕ್ಷರವನ್ನು ಬಣ್ಣದ ವೃತ್ತದಲ್ಲಿ ತೋರಿಸುವಲ್ಲೂ ಇದೇ ಕಥೆ. ಶ್ರೀಧರ ಅನ್ನುವ ಹೆಸರಿನ ಮೊದಲ ಯುನಿಕೋಡ್ ಬಿಂದು (ಕಂಪ್ಯೂಟರ್ ಪಠ್ಯವನ್ನು ಬಿಡಿಸಿ ಇಡುವ ಒಂದೊಂದು ತುಣುಕು) 'ಶ' ಮಾತ್ರ. ಶಾಂತಾ, ಶಿವು, ಶ್ರೀಧರ ಮೂವರಿಗೂ ಒಂದೇ ವೃತ್ತ. ವ್ಯಂಜನ, ಅದರ ನಂತರ ಹಲಂತ (್ ಚಿಹ್ನೆ) ಮತ್ತು ವ್ಯಂಜನ ಎಷ್ಟು ಸಲ ಬಂದರೂ ಅಷ್ಟು, ಕೊನೆಗೆ ಸ್ವರ ಚಿಹ್ನೆ, ಇಷ್ಟನ್ನೂ ಸೇರಿಸಿ ಒಂದು ಅಕ್ಷರವಾಗಿ ತೆಗೆಯಿರಿ. ಆಗ ಶಾ, ಶಿ, ಶ್ರೀ ಬರುತ್ತವೆ.

ಹಂಚಿಕೊಂಡ ಡಾಕ್ಯುಮೆಂಟ್‌ನಲ್ಲಿ ಬೇರೆಯವರ ಕರ್ಸರ್ ತೋರಿಸುವಾಗಲೂ ಅಷ್ಟೆ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಬಿಂದು. ಮೂರನೇ ಬಿಂದುವಿನ ಹತ್ತಿರ ಕರ್ಸರ್ ಇದೆ ಅಂತ ಬಂದ ಸಂಖ್ಯೆಯನ್ನು ಹಾಗೇ ಬಳಸಿ, ಅಲ್ಲಿ ಪಠ್ಯ ತುಂಡರಿಸಿ ಬಣ್ಣದ ಗೆರೆ ತುರುಕಿದರೆ ಒತ್ತಕ್ಷರ ಒಡೆದು ಹಲಂತ ಎದ್ದು ಕಾಣುತ್ತದೆ. ಪಠ್ಯವನ್ನು ಮುಟ್ಟದೆ ಗೆರೆಯನ್ನು ಅದರ ಮೇಲೆ ಬೇರೆ ಪದರದಲ್ಲಿ ಎಳೆಯಿರಿ, ಜಾಗವನ್ನು ಅಕ್ಷರದ ಅಂಚಿಗೆ ಸರಿಸಿ. ಕರ್ಸರ್ ಜಾಗವನ್ನು ಸೆಕೆಂಡಿಗೆ 10–20 ಸಲ ಕಳಿಸಿದರೆ ಸಾಕು, ನಡುವಿನ ಚಲನೆಯನ್ನು ನೋಡುವವರ ಬ್ರೌಸರ್ ತುಂಬಿಕೊಳ್ಳಲಿ. ವೈಜೆಎಸ್ (ಹಲವರು ಒಟ್ಟಿಗೆ ತಿದ್ದುವ ಡಾಕ್ಯುಮೆಂಟ್‌ಗಳಿಗಾಗಿ ಇರುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸುವವರಿಗೆ ಅದರ ಅವೇರ್‌ನೆಸ್ ಭಾಗ ಈ ಅವಧಿಯ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ: 30 ಸೆಕೆಂಡ್ ಸದ್ದಿಲ್ಲದವರನ್ನು ತೆಗೆದು ಹಾಕುತ್ತದೆ.

'ಕೊನೆಯ ಬಾರಿ ನೋಡಿದ್ದು' ಅನ್ನುವುದಕ್ಕೆ ಸರ್ವರ್ ಗಡಿಯಾರವನ್ನೇ ನಂಬಿ, ಫೋನಿನದ್ದನ್ನಲ್ಲ. ನಿಮಿಷ ಹಿಡಿದು ತೋರಿಸುವ ಅಗತ್ಯ ಬಹುಪಾಲು ಕಡೆ ಇಲ್ಲ; 'ಈಗಷ್ಟೇ', 'ಇವತ್ತು', 'ಈ ವಾರ' ಸಾಕು. ತನ್ನದನ್ನು ಮುಚ್ಚಿಟ್ಟವರಿಗೆ ಬೇರೆಯವರದ್ದೂ ಕಾಣಬಾರದು. ಆಫೀಸ್ ಉಪಕರಣಗಳಲ್ಲಿ ಚುಕ್ಕೆಯ ಚರಿತ್ರೆ ಕೊಡಿ ಅಂತ ಮ್ಯಾನೇಜರ್‌ಗಳಿಂದ ಬೇಡಿಕೆ ಬಂದೇ ಬರುತ್ತದೆ. ನಮ್ಮ ಸಲಹೆ: ಉಳಿಸಲೇಬೇಡಿ, ಲಾಗ್‌ನಲ್ಲೂ ಬೇಡ. ಹಾಜರಿ ಪುಸ್ತಕ ಆಯಿತು ಅಂತ ಗೊತ್ತಾದ ದಿನದಿಂದ ಜನ ಮೌಸ್ ಅಲ್ಲಾಡಿಸುವ ಸಾಧನ ತರಿಸುತ್ತಾರೆ, ಆಮೇಲೆ ಚುಕ್ಕೆಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಬಿಡುಗಡೆಗೆ ಮೊದಲು ಕೈಯಿಂದಲೇ ಪರೀಕ್ಷಿಸಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ: ಎರಡು ನಿಮಿಷದೊಳಗೆ ಬೂದು ಆಗಬೇಕು. ಎರಡು ಟ್ಯಾಬ್‌ಗಳಲ್ಲಿ ಒಂದನ್ನು ಮುಚ್ಚಿ: ಏನೂ ಬದಲಾಗಬಾರದು. ಟ್ಯಾಬ್ ಮರೆಮಾಡಿ ಹತ್ತು ನಿಮಿಷ ಕಾಯಿರಿ: ಚುಕ್ಕೆ ಮಿಟುಕಬಾರದು. ಲಾಕ್ ಆಗಿರುವ ಫೋನಿಗೆ ಸಂದೇಶ ಕಳಿಸಿ: ಹಸಿರು ಬರಬಾರದು. ಕೊನೆಗೆ ಸರ್ವರ್ ಪ್ರೊಸೆಸ್ ಅನ್ನು ಕಿಲ್ ಮಾಡಿ, ಕ್ಲೈಂಟ್‌ಗಳು ಬೇರೆ ಸರ್ವರ್‌ಗೆ ಸೇರಿದ ಮೇಲೆ ರೆಡಿಸ್ ತೆರೆದು ನೋಡಿ. 75 ಸೆಕೆಂಡ್ ದಾಟಿದ ಮೇಲೂ ಹಳೆಯ ಕನೆಕ್ಷನ್ ಐಡಿ ಒಂದಾದರೂ ಲೆಕ್ಕಕ್ಕೆ ಬರುತ್ತಿದ್ದರೆ ಬಿಡುಗಡೆ ಮುಂದೂಡಿ.