ಸಾಕಣ್ಣ

"ಗೇರು ಒಂದು ಕೆಳಗೆ, ಐದು ಮೇಲೆ. ಇನ್ನೇನು ಬೇಕೋ?"

"ಸಾಕಣ್ಣ."

ಭಾನುವಾರ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಡರ್ಟ್ ಬೈಕ್ ಓಟ ಶುರುವಾಗಲು ಹತ್ತು ನಿಮಿಷ ಇರುವಾಗ ಕಿವಿಗೆ ಬಿದ್ದ ಮಾತು. ಕೇಳಿದವರು ಗಾಡಿ ಕೊಟ್ಟ ತೋಟದವರು, "ಸಾಕಣ್ಣ" ಅಂದವನು ಅದನ್ನು ಓಡಿಸಲಿದ್ದ ಹುಡುಗ. ಇವತ್ತು ಗುರುವಾರ, ಇನ್ನೂ ಕೇಳುತ್ತಲೇ ಇದೆ.

ಹುಡುಗನ ಸ್ವಂತ ಗಾಡಿ 200 ಸಿಸಿ ಫೋರ್ ಸ್ಟ್ರೋಕ್, ಹತ್ತಿರ ಹತ್ತಿರ 160 ಕೆಜಿ. ಶನಿವಾರ ಕಲ್ಲಿಗೆ ಬಡಿದು ಎಂಜಿನ್ ಕೇಸ್ ಒಡೆದಿತ್ತು. ತೋಟದವರು ತಮ್ಮ 300 ಸಿಸಿ ಟೂ ಸ್ಟ್ರೋಕನ್ನೇ ತಂದು ನಿಲ್ಲಿಸಿದರು. ಅಂಥ ಗಾಡಿ ಕೊಡಲು ದೊಡ್ಡ ಮನಸ್ಸು ಬೇಕು, ಅವರದು ದೊಡ್ಡ ಮನಸ್ಸೇ. ಆದರೆ ಅವರ ತೂಕ 95 ಕೆಜಿ, ಹುಡುಗ 58.

ಆ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್‌ನ ಸ್ಪ್ರಿಂಗ್ ಹೊಂದಿಸಿರುವುದು 95 ಕೆಜಿಗೆ. ನೋಡುವುದು ಸುಲಭ: ಸ್ಟ್ಯಾಂಡ್ ಮೇಲೆ ಹಿಂದಿನ ಚಕ್ರ ನೇತಾಡುವಾಗ ಆಕ್ಸಲ್‌ನಿಂದ ಮಡ್‌ಗಾರ್ಡ್‌ನ ಒಂದು ಗುರುತಿಗೆ ಟೇಪು ಹಿಡಿಯಬೇಕು. ಆಮೇಲೆ ಸವಾರ ಬೂಟು, ಹೆಲ್ಮೆಟ್ ಎಲ್ಲ ಹಾಕಿ ಪೆಗ್ (ಕಾಲಿಡುವ ಕಂಬಿ) ಮೇಲೆ ನಿಂತಾಗ ಮತ್ತೆ ಅದೇ ಅಳತೆ. ಇಂಥ ಎಂಡ್ಯೂರೊ (ಕಾಡುದಾರಿ ಓಟದ) ಗಾಡಿಯಲ್ಲಿ ವ್ಯತ್ಯಾಸ 100ರಿಂದ 110 ಮಿ.ಮೀ. ಬರಬೇಕು. ಹಗುರದವನು ಹತ್ತಿದರೆ ಅಷ್ಟು ಇಳಿಯುವುದಿಲ್ಲ. ಹಿಂಭಾಗ ಎತ್ತರದಲ್ಲೇ ಉಳಿದು ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಒಂದೊಂದು ಬೇರೂ ಗಾಡಿಯನ್ನು ಒದೆಯುತ್ತದೆ. ಹತ್ತು ನಿಮಿಷದಲ್ಲಿ ಸ್ಪ್ರಿಂಗ್ ಬದಲಿಸಲಾಗದು, ನಿಜ. ಶಾಕ್ ಕುಗ್ಗುವ ಬಿಗಿ ಹೊಂದಿಸುವ ತಿರುಪನ್ನು, ಅಂದರೆ ಕಂಪ್ರೆಷನ್ ಕ್ಲಿಕ್ಕರನ್ನು, ನಾಲ್ಕು ಕ್ಲಿಕ್ ಸಡಿಲಿಸಬಹುದಿತ್ತು. ಎಷ್ಟು ತಿರುಗಿಸಿದೆವು ಎಂದು ಬರೆದಿಟ್ಟುಕೊಂಡರೆ ಸಂಜೆ ಮೊದಲಿನ ಹಾಗೆಯೇ ಮಾಡಿ ಕೊಡಬಹುದು. ಟೈರ್ ಗಾಳಿ 12 ಪಿಎಸ್ಐ ಆಸುಪಾಸಿಗೆ ಇಳಿಸಲು ಒಂದೇ ನಿಮಿಷ ಸಾಕು.

ಹ್ಯಾಂಡಲ್ ಮೇಲಿನ ಬ್ರೇಕ್, ಕ್ಲಚ್ ಲಿವರ್‌ಗಳದೂ ಅದೇ ಕತೆ. ಪೆಗ್ ಮೇಲೆ ನಿಂತಾಗ ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆ ಇರಬೇಕು. ತೋಟದವರು ಹೆಚ್ಚಾಗಿ ಕೂತೇ ಓಡಿಸುವವರು, ಲಿವರ್ ಮೇಲಕ್ಕೆ ಕಟ್ಟಿಕೊಂಡಿದ್ದಾರೆ. ಹುಡುಗ ನಿಂತು ಓಡಿಸುವವನು. ಎರಡನೇ ಸುತ್ತಿಗೆ ಬರುವಾಗ ಅವನ ಮುಂಗೈ ಕಲ್ಲಾಗಿತ್ತು. ಬ್ಯಾರಿಕೇಡ್ ಹತ್ತಿರ ಬಲಗೈ ಕೊಡವಿದ್ದನ್ನು ನೋಡಿದೆ. ಬೆರಳುಗಳು ಪೂರ್ತಿ ಬಿಡಿಸಿಕೊಳ್ಳಲಿಲ್ಲ.

ಬಿದ್ದದ್ದು ಹಳ್ಳದ ಕಡೆಯ ಇಳಿಜಾರಿನಲ್ಲಿ. ಫೋರ್ ಸ್ಟ್ರೋಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆ ಹಿಡಿತ ಇಲ್ಲವೆನ್ನುವಷ್ಟು ಕಡಿಮೆ, ಬಿಟ್ಟ ತಕ್ಷಣ ಹರಿದುಹೋಗುತ್ತದೆ. ವರ್ಷಗಟ್ಟಲೆ ಕೈಗೆ ಕೂತ ಅಭ್ಯಾಸ. ಅವನು ಬಿಟ್ಟು ಕಾದ. ಗಾಡಿ ನಿಧಾನವಾಗಲಿಲ್ಲ. ಹಿಂದಿನ ಬ್ರೇಕ್ ಪೆಡಲ್ ಅವನ ಕಾಲಿಗೆ ಒಂದು ಬೆರಳು ಕೆಳಗಿತ್ತು, ಬೂಟು ಗಾಳಿಯಲ್ಲಿ ತಡಕಾಡಿತು. ಗಾಬರಿಗೆ ಮುಂದಿನ ಬ್ರೇಕ್ ಹಿಡಿದ. ತರಗೆಲೆ ಕೆಳಗೆ ಹಾಲುವಾಣ ಮರದ ಬೇರು ಅಡ್ಡ ಮಲಗಿತ್ತು. ಮುಂಚಕ್ರ ಜಾರಿ ಪಕ್ಕದ ಧರೆಗೆ ಹೋಗಿ ಬಡಿದ. ಮಣಿಕಟ್ಟು ಮುರಿಯಿತು, ಪ್ಲಾಸ್ಟರ್ ಹಾಕಿದ್ದಾರೆ.

ಇನ್ನೊಂದು, ಯಾರೂ ಗಮನಿಸದ್ದು: ಅವನ ಸ್ನೇಹಿತರು ಓಟದ ನಡುವೆ ತುಂಬಿಸಲು ಇಟ್ಟಿದ್ದ ಕ್ಯಾನಿನಲ್ಲಿ ಬರೀ ಪೆಟ್ರೋಲಿತ್ತು. ಈ ಗಾಡಿಗೆ 6 ಲೀಟರಿಗೆ 100 ಮಿಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಲೇಬೇಕು. ಅದನ್ನೇ ಸುರಿದಿದ್ದರೆ ಪಿಸ್ಟನ್ ಒಳಗೇ ಕಚ್ಚಿಕೊಂಡು, ಬೀಳುವ ಜಾಗ ಇನ್ನೂ ಕೆಟ್ಟದ್ದಾಗುತ್ತಿತ್ತು.

ಗಾಡಿಯನ್ನು ತನಗೆ ಹೊಂದಿಸಿಕೊಳ್ಳಬೇಕೆಂದು ಹುಡುಗನಿಗೆ ಗೊತ್ತಿರಲಿಲ್ಲ ಎಂದು ಸ್ಟಾರ್ಟ್ ಹತ್ತಿರ ನಿಂತವರು ಅಂದರು. ನಾನು ಒಪ್ಪುವುದಿಲ್ಲ. ತನ್ನ ಗಾಡಿಯ ಪೆಡಲನ್ನು ಅವನೇ ಹೊಂದಿಸಿಕೊಂಡವನು. ಆದರೆ ನಮ್ಮ ಕಡೆ ಹಿರಿಯರು ಉಪಕಾರಕ್ಕೆ ಕೊಟ್ಟ ವಸ್ತುವಿಗೆ ಸ್ಪ್ಯಾನರ್ ಹಾಕುವುದಿರಲಿ, ಹಾಕಲೇ ಎಂದು ಕೇಳುವುದೂ ಮರ್ಯಾದೆಯಲ್ಲ. "ಸಾಕಣ್ಣ" ಎನ್ನುವುದೇ ಮರ್ಯಾದೆ. ಕಳೆ ಹೊಡೆಯುವ ಮೆಷಿನ್ನನ್ನು ಹೊಸ ಆಳಿನ ಹೆಗಲಿಗೆ ಹಾಕುವಾಗಲೂ ಇದೇ ನಡೆಯುತ್ತದೆ. ಬೆಲ್ಟ್ ಹಳಬನ ಎತ್ತರಕ್ಕಿರುತ್ತದೆ, ಬ್ಲೇಡು ಹೊಸಬನ ಮೊಣಕಾಲಿನ ಹತ್ತಿರ ತಿರುಗುತ್ತದೆ. ಅವನೂ ಸಾಕು ಎನ್ನುತ್ತಾನೆ. ಬಾಯಿಬಿಟ್ಟು ಕೇಳುವ ಸ್ಥಾನದಲ್ಲಿ ಅವನಿಲ್ಲ. "ಹತ್ತಿ ನಿಲ್ಲು, ಕೈ ಎಲ್ಲಿಗೆ ಬರುತ್ತೆ ನೋಡೋಣ" ಎಂದು ಕೊಡುವವರೇ ಅನ್ನಬೇಕು, ಲಿವರ್ ಸಡಿಲಿಸುವ 8ರ ಸ್ಪ್ಯಾನರ್ ಅವರ ಕೈಯಲ್ಲೇ ಇರಬೇಕು.

ನನ್ನ ಜೇಬಿನಲ್ಲೂ ಅವತ್ತು ಅದು ಇತ್ತು. ಗಾಡಿ ನನ್ನದಲ್ಲವಲ್ಲ ಎಂದು ಸುಮ್ಮನೆ ನಿಂತೆ.

ಮಂಗಳವಾರ ತೋಟದವರು ಗಾಡಿ ತೊಳೆಯುತ್ತಿದ್ದರು. ಹುಡುಗನನ್ನು ನೋಡಲು ಎರಡು ಸಲ ಹೋಗಿಬಂದಿದ್ದಾರೆ, ಆಸ್ಪತ್ರೆಯ ಬಿಲ್ಲನ್ನೂ ಅವರೇ ಕಟ್ಟಿದ್ದಾರೆ. ಹ್ಯಾಂಡಲ್ ನೇರ ಮಾಡಿಸಿದ್ದರು. ಲಿವರ್ ಮೊದಲಿನ ಜಾಗದಲ್ಲೇ ಇತ್ತು.