ಮೈಸೂರಲ್ಲಿ ಆಟೋ ಹತ್ತೋ ಮುಂಚೆ

"ಸಾರ್, ಇವತ್ತು ದೇವರಾಜ ಮಾರ್ಕೆಟ್ ರಜ. ಅಗರಬತ್ತಿ ಹೊಸೆಯೋದು ತೋರಿಸ್ತೀನಿ ಬನ್ನಿ, ದುಡ್ಡೇನೂ ಬೇಡ" ಅಂದ ಆಟೋದವನನ್ನು ನಂಬಿಬಿಟ್ಟೆ. ಯಾವುದೋ ಸಂದಿಯ ಅಂಗಡಿಯಲ್ಲಿ ಟೀ ಕೊಟ್ಟು, ಮುಂಗೈಗೆ ಏನೇನೋ ಹಚ್ಚಿ, ಮುಕ್ಕಾಲು ಗಂಟೆ ಆದ ಮೇಲೆ ಬಿಟ್ಟರು. ಅಷ್ಟರಲ್ಲಿ 900 ರೂಪಾಯಿ ಹೋಗಿ ಬೆರಳುದ್ದದ 'ಗಂಧದೆಣ್ಣೆ' ಶೀಶೆ ಬಂದಿತ್ತು. ಸಂಜೆ ಗೆಳೆಯ ಮೂಸಿ ನೋಡಿ, "ಗಂಧ ಇರೋದು ಲೇಬಲ್ಲಲ್ಲಿ ಮಾತ್ರ ಕಣೋ" ಅಂದ. ಮಾರ್ಕೆಟ್ಟಿಗೆ ಅವತ್ತು ರಜವೂ ಇರಲಿಲ್ಲ.

ಈ ಗೆಳೆಯ ಮೈಸೂರಲ್ಲೇ ಹುಟ್ಟಿ ಬೆಳೆದವನು, ಪುಸ್ತಕಗಳಿಗೆ ಮುಖಪುಟ ಬರೆದು ಹೊಟ್ಟೆ ಹೊರೆಯುತ್ತಾನೆ. ತನಗಿಷ್ಟದ ಜಾಗಗಳನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಅರಮನೆ ಅದರಲ್ಲಿ ಇರಲೇ ಇಲ್ಲ. ಭಾನುವಾರ ರಾತ್ರಿ ದೀಪ ನೋಡೋಕೆ ನಾನೇ ಹೋಗಿ, ಜನರ ತಲೆ ನೋಡಿ ಹತ್ತು ನಿಮಿಷಕ್ಕೆ ವಾಪಸ್ ಬಂದೆ. ಗದ್ದಲ ನನಗಾಗದು, ಅದನ್ನು ಲೆಕ್ಕಕ್ಕಿಟ್ಟುಕೊಂಡೇ ಮುಂದೆ ಓದಿ.

ಮಾರ್ಕೆಟ್ಟಿಗೆ ಬೆಳಗ್ಗೆ ಬೇಗ ಹೋಗಿ. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿದ ಮೇಲೆ ಕೆಡವಬೇಕೋ ಉಳಿಸಬೇಕೋ ಅನ್ನೋ ಜಗಳ ದೊಡ್ಡದಾಯಿತು. ಗೆಳೆಯ ಅದಕ್ಕೇ ಮಾರ್ಕೆಟ್ಟಿನ ಚಿತ್ರಗಳನ್ನು ಅವಸರದಲ್ಲಿ ಬರೆದಿಡುತ್ತಿದ್ದಾನಂತೆ. "ಮಲ್ಲಿಗೆ ಮಾರು ಹಾಕುವಾಗ ಹೂವಿನವನ ಮೊಣಕೈ ನೋಡು, ಪೂರ್ತಿ ಚಾಚೋದೇ ಇಲ್ಲ" ಅಂದ. ಚಿತ್ರ ಬರೆಯೋನ ಕಣ್ಣಿಗೆ ಬೀಳೋ ಮೋಸ ಅದು.

ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವಿದೆ. ಪಕ್ಕದ ಗುಂಪಿನವರೆಲ್ಲ ರವಿವರ್ಮನದು ಅಂತಿದ್ದರು. ಅಲ್ಲ, ಎಸ್.ಎಲ್. ಹಲ್ದಂಕರ್ ಬರೆದದ್ದು, ಅದೂ ಜಲವರ್ಣದಲ್ಲಿ. ಮುಖ ಬಿಟ್ಟು ಬೆರಳ ಸಂದಿಯಲ್ಲಿ ಕೆಂಪಗೆ ನುಸುಳುವ ಬೆಳಕು ನೋಡಿ.

ಇನ್ನು ನಜರ್‌ಬಾದಿನ ಮೈಲಾರಿ ದೋಸೆ ಹೋಟೆಲ್. ಒಂದೇ ರಸ್ತೆಯಲ್ಲಿ ಆ ಹೆಸರಿನವು ಎರಡಿವೆ, ಅಸಲಿ ಯಾವುದು ಅಂತ ಕೇಳಿದರೆ ಮೈಸೂರಿನವರೇ ಜಗಳಕ್ಕೆ ಬೀಳುತ್ತಾರೆ. ನಾನು ದಾವಣಗೆರೆಯವನು. ದೋಸೆ ವಿಷಯದಲ್ಲಿ ಇನ್ನೊಂದು ಊರನ್ನು ಹೊಗಳಿದವರು ನಮ್ಮ ಮನೆತನದಲ್ಲೇ ಇಲ್ಲ. ನಮ್ಮದು ಗರಿಗರಿ, ಜೊತೆಗೆ ಬಿಳಿ ಆಲೂಗಡ್ಡೆ ಪಲ್ಯ. ಇಲ್ಲಿಯದು ಹತ್ತಿ. ಎರಡು ಬೆರಳಲ್ಲಿ ಎತ್ತಿದರೆ ಜೋತುಬೀಳುತ್ತೆ. ಒಳಗೆ ಸಾಗು, ಮೇಲಿಟ್ಟ ಬೆಣ್ಣೆ ಕರಗಿ ಬಾಳೆಎಲೆಯ ಗೀರುಗುಂಟ ಹರಿದು ಚಟ್ನಿ ಸೇರುತ್ತಿತ್ತು. ಸಾಂಬಾರ್ ಕೇಳಬೇಡಿ. "ಇನ್ನೊಂದು ತರ್ಲಾ ಸಾರ್?" ಅಂತ ಮಾಣಿ ಕೇಳಿದಾಗಲೆಲ್ಲ ತಲೆ ಆಡಿಸಿ ಮೂರು ತಿಂದೆ. ಕೂರಲು ಜಾಗ ಸಿಗೋದು ಕಷ್ಟ, ಕಾಫಿ ಲೋಟ ಕೈಗೆತ್ತಿಕೊಂಡವರ ಬೆನ್ನ ಹಿಂದೆ ಹೋಗಿ ನಿಲ್ಲಿ. ಇಲ್ಲಿನ ಗದ್ದಲ ಮಾತ್ರ ನನ್ನ ಲೆಕ್ಕಕ್ಕಿಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಡಿ, ಇಳಿಯಿರಿ. ಸಿಟಿ ಬಸ್ ಸ್ಟ್ಯಾಂಡಿನಿಂದ 201ರಲ್ಲಿ ಮೇಲೆ ಹೋಗಿ ಮೆಟ್ಟಿಲ ದಾರಿ ಹಿಡಿದರೆ ನಡುವೆ ನಂದಿ ಸಿಗುತ್ತೆ. ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಡೆಸಿದ್ದು. ಅದರ ಕೊರಳ ಗಂಟೆಗಳನ್ನೇ ನೋಡುತ್ತ ಗೆಳೆಯ ಅರ್ಧ ಗಂಟೆ ಕೂತ, ನಾನು ಸೌತೆಕಾಯಿ ತಿಂದೆ. ಆಷಾಢದ ಶುಕ್ರವಾರ ಮಾತ್ರ ಆ ಕಡೆ ತಲೆ ಹಾಕಬೇಡಿ.

ಕೆಳಗಿಳಿದಾಗ ಆಟೋ ಒಂದು ಪಕ್ಕಕ್ಕೆ ಬಂತು. "ಸಾರ್, ರೇಷ್ಮೆ ನೇಯೋದು ನೋಡ್ತೀರಾ?" ಗೆಳೆಯ ಬಾಯಿ ತೆಗೆಯೋ ಮೊದಲೇ ನಾನು ನಡೆಯೋಕೆ ಶುರು ಮಾಡಿದ್ದೆ.